ದಂಡಿನ ಸ್ನೇಹವೂ ಬಳ್ಳಾರಿಯ ಲೆಕ್ಕವೂ

(ಹೈದರಾಬಾದಿನ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿಯ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಮೇಜು ಒರೆಸಿ, ಕಪ್ಪು ಬಸಿ ತೊಳೆದಿಟ್ಟು ಇಲ್ಲಿಗೆ ಬಂದಿರತಕ್ಕ ತಮ್ಮ ಮುಂದೆ ಸೈನಿಕ ಮೈತ್ರಿಕೂಟಗಳ ಮಾತೆತ್ತುವುದಕ್ಕೆ ನನಗೆ ಸಂಕೋಚವಾಗುತ್ತದೆ. ಕಾರ್ಯದರ್ಶಿಗಳು ವಿಷಯವನ್ನು ಚೀಟಿಯಲ್ಲಿ ಬರೆದು ಕೊಟ್ಟಾಗ, "ನಮ್ಮ ಸಂಬಳದ ಮಾತೇ ಮುಗಿದಿಲ್ಲ, ಇದನ್ನೆಲ್ಲಿಂದ ತಂದಿರಿ ಸ್ವಾಮಿ?" ಎಂದು ಕೇಳಿದೆ. ಅವರು ನಕ್ಕು, "ಎಣ್ಣೆಯ ಡಬ್ಬಕ್ಕೆ ಬೆಲೆ ಏಕೆ ಏರಿತೆಂದು ಹುಡುಗರು ಕೇಳುತ್ತಾರಲ್ಲ, ಅಲ್ಲಿಂದಲೇ ಹಿಡಿಯಿರಿ" ಎಂದರು.

ಸರಿ, ಅಲ್ಲಿಂದಲೇ ಹಿಡಿಯುತ್ತೇನೆ. 2022ರ ಫೆಬ್ರವರಿಯಲ್ಲಿ ರಷ್ಯ ದೇಶವು ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಮ್ಮ ಬಾಣಲೆಗೆ ಬೀಳುವ ಸೂರ್ಯಕಾಂತಿ ಎಣ್ಣೆ ಬಹುಪಾಲು ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಬಂದರು ಮುಚ್ಚಿತು, ಎಣ್ಣೆ ಏರಿತು, ವಡೆ ಸಣ್ಣದಾಯಿತು. ವಡೆ ಸಣ್ಣದಾದುದಕ್ಕೆ ಗಿರಾಕಿ ಬೈದದ್ದು ರಷ್ಯವನ್ನಲ್ಲ, ತಟ್ಟೆ ತಂದಿಟ್ಟ ನಮ್ಮ ಹುಡುಗನನ್ನು. ಆ ಯುದ್ಧಕ್ಕೆ ರಷ್ಯ ಹೇಳಿಕೊಂಡ ಕಾರಣಗಳಲ್ಲಿ ನ್ಯಾಟೊ ಎಂಬ ಮೈತ್ರಿಕೂಟವು ತನ್ನ ಬಾಗಿಲಿನವರೆಗೆ ಬೆಳೆದು ಬಂದಿತೆಂಬುದೂ ಒಂದು. ನೆರೆಯವನ ಮನೆಗೆ ನುಗ್ಗಲು ಅದು ಸಾಕಾದ ಕಾರಣವೆಂದು ನಾನು ಒಪ್ಪತಕ್ಕವನಲ್ಲ. ಆದರೆ ದೂರದ ಒಪ್ಪಂದದ ಕಾಗದಕ್ಕೂ ನಮ್ಮ ಅಡಿಗೆಮನೆಗೂ ನಂಟಿದೆಯೆಂಬುದು ಸುಳ್ಳಲ್ಲ.

ಮೈತ್ರಿಕೂಟವೆಂದರೆ ಇಷ್ಟೇ: ನಿನಗೆ ಏಟು ಬಿದ್ದರೆ ನಾನು ಬರುತ್ತೇನೆ, ನನಗೆ ಬಿದ್ದರೆ ನೀನು ಬರತಕ್ಕದ್ದು. ಕೇಳಲು ಬಹಳ ಸೊಗಸಾಗಿದೆ. ಈ ಸೊಗಸಾದ ಮಾತಿನ ಒಳಗೇನಿರುತ್ತದೆಂದು ತಿಳಿಯಲು ನಾವು ಯುರೋಪಿಗೆ ಹೋಗಬೇಕಾಗಿಲ್ಲ. ಮಲಕಪೇಟೆಯವರೆಗೆ ಬಂದರೆ ಸಾಕು.

ಆ ಕಡೆ ಕೆಲಸ ಮಾಡುವವರು ಮೂಸಾರಾಂಬಾಗ್ ಎಂಬ ಹೆಸರನ್ನು ದಿನವೂ ಕೇಳುತ್ತೀರಿ. ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಈ ಮೂಸಾರಾಮ ನಮ್ಮ ಯಾವ ರಾಮನೂ ಅಲ್ಲ. ಮುಸ್ಯೂ ರೇಮಂಡ್ ಎಂಬ ಫ್ರೆಂಚ್ ದಳಪತಿಯ ಹೆಸರು ಜನರ ಬಾಯಲ್ಲಿ ಹೀಗಾಯಿತೆಂದು ಹೇಳುತ್ತಾರೆ. ಅಲ್ಲಿ ಹತ್ತಿರದ ಗುಡ್ಡದ ಮೇಲೆ ಅವನ ಸಮಾಧಿಯಿದೆ. ಮೊನಚಾದ ಕಲ್ಲುಗಂಬ, ಪಕ್ಕದಲ್ಲೊಂದು ಕಂಬಗಳ ಮಂಟಪ. ಹಳೆಯ ಮಂಟಪವು 2001ರಲ್ಲಿ ಬಿದ್ದುಹೋಗಿ, ಮತ್ತೆ ಕಟ್ಟಿದ್ದಾರೆ. ನಮ್ಮ ಕಥೆ ಈ ಮನುಷ್ಯನಿಂದ ಪ್ರಾರಂಭವಾಗುತ್ತದೆ.

ಆಗ ಹೈದರಾಬಾದನ್ನು ಆಳುತ್ತಿದ್ದವರು ಎರಡನೆಯ ನಿಜಾಮರಾದ ನಿಜಾಮ್ ಅಲೀ ಖಾನರು. ಪಶ್ಚಿಮಕ್ಕೆ ಮರಾಠರು, ದಕ್ಷಿಣಕ್ಕೆ ಟೀಪು ಸುಲ್ತಾನ. ಇಬ್ಬರಿಗೂ ಇವರ ಸೀಮೆಯ ಮೇಲೆ ಕಣ್ಣು. ಭಯ ನಿಜವಾದುದೇ. ಇದನ್ನು ನೆನಪಿನಲ್ಲಿಡಿರಿ, ಏಕೆಂದರೆ ಭಯವಿಲ್ಲದವನು ಯಾರ ಮೈತ್ರಿಯನ್ನೂ ಹುಡುಕಿಕೊಂಡು ಹೋಗುವುದಿಲ್ಲ. 1790ರಲ್ಲಿ ನಿಜಾಮರು, ಪೇಶ್ವೆಯವರು, ಇಂಗ್ಲಿಷ್ ಕುಂಪಣಿಯವರು ಮೂವರೂ ಟೀಪುವಿನ ಮೇಲೆ ಒಂದು ಕೂಟ ಕಟ್ಟಿದರು. 1792ರಲ್ಲಿ ಟೀಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮೂವರೂ ಸೀಮೆಯನ್ನು ಹಂಚಿಕೊಂಡರು. ಮೈತ್ರಿ ಬಹಳ ಲಾಭದ ವ್ಯಾಪಾರವೆಂದು ನಿಜಾಮರಿಗೆ ತೋರಿರಬೇಕು.

ಮೂರೇ ವರ್ಷ. 1795ರ ಮಾರ್ಚಿಯಲ್ಲಿ, ಆ ಕೂಟದಲ್ಲಿ ಜೊತೆಗಿದ್ದ ಮರಾಠರೇ ಖರ್ಡಾ ಎಂಬಲ್ಲಿ ನಿಜಾಮರ ಮೇಲೆ ಬಿದ್ದರು. ನಿಜಾಮರು ಇಂಗ್ಲಿಷರ ಕಡೆ ನೋಡಿದರು. ಗವರ್ನರ್ ಜನರಲ್ ಸರ್ ಜಾನ್ ಶೋರ್ ಎಂಬವನು, ಮರಾಠರೂ ನಮ್ಮ ಮಿತ್ರರೇ, ನಾವು ಮಧ್ಯೆ ಬರುವುದಿಲ್ಲವೆಂದು ಸುಮ್ಮನೆ ಕುಳಿತ. ನಿಜಾಮರು ಸೋತರು, ಸೀಮೆಯನ್ನೂ ಹಣವನ್ನೂ ತೆತ್ತರು. ಬೇಕಾದ ದಿನ ಬಾರದ ಮಿತ್ರನ ಮೇಲೆ ಕೋಪಗೊಂಡು ಅವರು ರೇಮಂಡನನ್ನು ಮೇಲಕ್ಕೆತ್ತಿದರು. ಅವನು ಹತ್ತು ಸಾವಿರಕ್ಕೂ ಹೆಚ್ಚು ಸಿಪಾಯಿಗಳಿಗೆ ಕವಾಯತು ಕಲಿಸಿ ದಂಡು ಕಟ್ಟಿದ. 1798ರ ಮಾರ್ಚಿಯಲ್ಲಿ ಅವನು ತೀರಿಕೊಂಡ.

ಆಮೇಲೆ ಶೋರನ ಜಾಗಕ್ಕೆ ವೆಲ್ಲೆಸ್ಲಿ ಬಂದ. ಇವನು ಕೂರುವವನಲ್ಲ. 1798ರ ಸೆಪ್ಟೆಂಬರ್ 1ರಂದು ಒಪ್ಪಂದವಾಯಿತು. ಕುಂಪಣಿಯ ಆರು ಪಟಾಲಮುಗಳು ನಿಜಾಮರ ರಕ್ಷಣೆಗಾಗಿ ಇಲ್ಲಿ ಇರತಕ್ಕದ್ದು. ಅದರ ವೆಚ್ಚ ವರ್ಷಕ್ಕೆ 24,17,100 ರೂಪಾಯಿಗಳನ್ನು ನಿಜಾಮರು ಕೊಡತಕ್ಕದ್ದು. ಫ್ರೆಂಚರನ್ನು ಹೊರಗೆ ಹಾಕತಕ್ಕದ್ದು. ಅಕ್ಟೋಬರ್ 22ರಂದು ರೇಮಂಡನ ದಂಡನ್ನು ಸುತ್ತುಗಟ್ಟಿ ಆಯುಧ ಕೆಳಗಿಡಿಸಿದರು. ರಕ್ತಪಾತವಾಗಲಿಲ್ಲ. ಏಕಾಗಲಿಲ್ಲ ಬಲ್ಲಿರಾ? ಆ ಸಿಪಾಯಿಗಳಿಗೆ ಸಂಬಳ ಬಾಕಿಯಿತ್ತು. ಅವರು ಆಗಲೇ ತಮ್ಮ ಅಧಿಕಾರಿಗಳ ಮೇಲೆ ತಿರುಗಿಬಿದ್ದಿದ್ದರು. ಬಾಕಿ ಕೊಡುತ್ತೇವೆಂದ ಮಾತಿಗೆ ಬಂದೂಕು ಕೆಳಗಿಟ್ಟರು. ಚರಿತ್ರೆಕಾರರು ಇದನ್ನು ವೆಲ್ಲೆಸ್ಲಿಯ ಚಾತುರ್ಯವೆಂದು ಬರೆಯುತ್ತಾರೆ; ತಿಂಗಳ ಕೊನೆಯಲ್ಲಿ ಗಲ್ಲಾದ ಮುಂದೆ ಕಾದು ನಿಂತ ನಮಗೆ ಬೇರೆ ಅರ್ಥ ಹೊಳೆಯುತ್ತದೆ.

ಮರುವರ್ಷ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟೀಪು ಮಡಿದ. ನಿಜಾಮರಿಗೆ ಮತ್ತೊಂದು ಪಾಲು ಸಿಕ್ಕಿತು. ಈಗ ಶತ್ರುವಿಲ್ಲ, ಆದರೆ ದಂಡು ಹೋಗಲಿಲ್ಲ. ಹೋಗುವುದಿರಲಿ, ಅದು ಬೆಳೆಯಿತು. ಹಣವನ್ನು ವರ್ಷವರ್ಷ ಎಣಿಸಿ ಕೊಡುವುದು ಕಷ್ಟ, ಬದಲಿಗೆ ಸೀಮೆಯನ್ನೇ ಕೊಟ್ಟುಬಿಡಿರೆಂದಾಯಿತು. 1800ರ ಅಕ್ಟೋಬರ್ 12ರ ಒಪ್ಪಂದದಂತೆ, ಟೀಪುವಿನಿಂದ ಬಂದಿದ್ದ ಎರಡು ಪಾಲನ್ನೂ ನಿಜಾಮರು ಕುಂಪಣಿಗೆ ಒಪ್ಪಿಸಿದರು. ತುಂಗಭದ್ರೆಯೇ ಗಡಿಯಾಗಲೆಂದು ಅಷ್ಟಿಷ್ಟು ಅದಲುಬದಲೂ ಆಯಿತು. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಭಾಗಗಳು, ಎಲ್ಲವೂ ಹೋದವು. ತೆಲುಗು ಬಂಧುಗಳು ದತ್ತ ಮಂಡಲವೆಂದು ಕರೆಯುತ್ತಿದ್ದ ಸೀಮೆ ಇದೇ. ದತ್ತವೆಂದರೆ ಕೊಟ್ಟದ್ದು. ಯಾರು ಕೊಟ್ಟರು, ಯಾರದನ್ನು ಕೊಟ್ಟರು? ಸಿಪಾಯಿಗಳ ಸಂಬಳಕ್ಕಾಗಿ ಬಳ್ಳಾರಿಯ ಎರೆಹೊಲವನ್ನು ಕೊಟ್ಟರು. ಹೊಲದ ರೈತನನ್ನು ಕೇಳಿದವರಿಲ್ಲ.

ಅದೇ ಕಾಗದದಲ್ಲಿ ಇನ್ನೊಂದು ಕಲಮು ಇತ್ತು. ಕುಂಪಣಿಗೆ ತಿಳಿಸದೆ ನಿಜಾಮರು ಬೇರಾವ ಅರಸನೊಡನೆಯೂ ಮಾತುಕತೆ ನಡೆಸಕೂಡದು. ಸೀಮೆ ಹೋದುದಕ್ಕಿಂತ ಇದು ದೊಡ್ಡ ನಷ್ಟವೆಂದು ನನ್ನ ಎಣಿಕೆ. ಸೀಮೆ ಹೋದರೆ ಆದಾಯ ಹೋಗುತ್ತದೆ. ಇಂಥವನೇ ನನ್ನ ಶತ್ರು, ಇಂಥವನೇ ನನ್ನ ಮಿತ್ರ ಎಂದು ತಾನೇ ಹೇಳುವ ಹಕ್ಕು ಹೋದರೆ ಮತ್ತೇನು ಉಳಿಯಿತು?

ನಾನು ಹುಡುಗನಾಗಿ ಕೆಲಸಕ್ಕಿದ್ದ ಒಂದು ಸಣ್ಣ ಹೋಟೆಲು ನೆನಪಾಗುತ್ತದೆ. ಬೀದಿಯಲ್ಲಿ ಕುಡುಕರ ಕಾಟವೆಂದು ಮಾಲೀಕರು ಒಬ್ಬ ಪೈಲ್ವಾನನನ್ನು ಗೊತ್ತುಮಾಡಿಕೊಂಡರು. ಮೊದಲು ತಿಂಗಳಿಗೆ ಇಷ್ಟೆಂದು ಮಾಮೂಲು. ಆಮೇಲೆ ಅವನ ನಾಲ್ವರು ಶಿಷ್ಯರಿಗೆ ಊಟ. ಆಮೇಲೆ ಅವನು ಬೇಡವೆಂದ ಹಾಲಿನವನಿಂದ ಹಾಲು ಕೊಳ್ಳುವ ಹಾಗಿಲ್ಲ. ಒಂದು ದಿನ ನಾನು ನೀರಿನ ಕೊಡ ಹೊತ್ತು ಒಳಗೆ ಬಂದಾಗ ಅವನು ಗಲ್ಲಾದ ಮೇಲೆ ಕುಳಿತಿದ್ದ, ಮಾಲೀಕರು ಬದಿಯ ಬೆಂಚಿನಲ್ಲಿದ್ದರು. ಕುಡುಕರ ಕಾಟವೇನೋ ನಿಂತಿತ್ತು.

ಇನ್ನು ನಮ್ಮ ರಾಯಚೂರಿನವರ ಕಥೆ. ನನ್ನ ಹುಟ್ಟೂರು ಆ ಕಡೆಯದೇ. ಆದುದರಿಂದ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಬೇಕು. ಯುದ್ಧ ಬಂದಾಗ ನಿಜಾಮರು 6,000 ಕಾಲಾಳನ್ನೂ 9,000 ಕುದುರೆ ಸವಾರರನ್ನೂ ಕುಂಪಣಿಯ ಜೊತೆಗೆ ಕಳುಹಿಸತಕ್ಕದ್ದೆಂದು ಅದೇ ಒಪ್ಪಂದದಲ್ಲಿತ್ತು. ಯುದ್ಧ ಬಂದಾಗ ಮಾತ್ರ. ಆದರೆ ರೆಸಿಡೆಂಟರು ಈ ಮಾತನ್ನು ಹಿಡಿದು, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಶಾಂತಿಕಾಲದಲ್ಲಿಯೂ ಇರುವ ಎರಡನೆಯ ದಂಡನ್ನೇ ಬೆಳೆಸಿದರು. ಅದಕ್ಕೆ ಹೈದರಾಬಾದ್ ಕಾಂಟಿಂಜೆಂಟ್ ಎಂದು ಹೆಸರು. ಬೊಲಾರಮಿನಲ್ಲಿ ಅದರ ಠಾಣ್ಯ. ಅಂದರೆ ಸಿಕಂದರಾಬಾದಿನಲ್ಲಿ ಒಂದು ದಂಡು. ಅದಕ್ಕೆ ಬಳ್ಳಾರಿ ಹೋಗಿತ್ತು. ಬೊಲಾರಮಿನಲ್ಲಿ ಮತ್ತೊಂದು, ಅದಕ್ಕೆ ಪ್ರತಿವರ್ಷ ಲಕ್ಷಗಟ್ಟಲೆ ಹಣ. ಖಜಾನೆ ಬರಿದಾಯಿತು, ಸಾಲ ಬೆಳೆಯಿತು. ಸಾಲ ಕೊಟ್ಟವರು ಯಾರು? ಕುಂಪಣಿಯವರೇ. ತನ್ನದೇ ಅಧಿಕಾರಿಗಳ ಸಂಬಳಕ್ಕೆ ತಾನೇ ಸಾಲ ಕೊಟ್ಟು, ಆ ಸಾಲಕ್ಕೆ ಇನ್ನೊಬ್ಬರ ಸೀಮೆಯನ್ನು ಜಪ್ತಿ ಮಾಡುವುದು ಸಾಹುಕಾರಿಕೆಯಲ್ಲಿ ಹೊಸ ಬಗೆ.

1853ರ ಮೇ 21ರಂದು, ಡಾಲ್‌ಹೌಸಿಯ ಕಾಲದಲ್ಲಿ, ನಾಸಿರುದ್ದೌಲಾ ನಿಜಾಮರು ಬೇರಾರ, ಧಾರಾಶಿವ, ರಾಯಚೂರು ದೋಆಬುಗಳನ್ನು ಆ ದಂಡಿನ ವೆಚ್ಚಕ್ಕೆಂದು ಬಿಟ್ಟುಕೊಡಬೇಕಾಯಿತು. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ನೆಲ ಏಳು ವರ್ಷ ಅಡವಿನ ವಸ್ತುವಾಗಿತ್ತು. 1857ರ ದಂಗೆಯಲ್ಲಿ ಹೈದರಾಬಾದು ಇಂಗ್ಲಿಷರ ಪಕ್ಷದಲ್ಲಿ ನಿಂತಿತು. ಅದರ ಸಂತೋಷಕ್ಕೆ 1860ರಲ್ಲಿ ರಾಯಚೂರು ದೋಆಬನ್ನೂ ಧಾರಾಶಿವವನ್ನೂ ತಿರುಗಿ ಕೊಟ್ಟರು, 50 ಲಕ್ಷದ ಸಾಲವನ್ನು ಬಿಟ್ಟರು, ಮೇಲೆ ಸುರಪುರವನ್ನೂ ಕೊಟ್ಟರು. ಸುರಪುರದ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಎದ್ದು ನಾಶವಾಗಿದ್ದ. ಅವನ ಸಂಸ್ಥಾನ ಬಹುಮಾನವಾಯಿತು. ಬೇರಾರ ಮಾತ್ರ ತಿರುಗಿ ಬರಲಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಬೇರಾರದ ಹತ್ತಿ ಎಂಥದೆಂದು ಅವರು ಬಲ್ಲರು, ಮ್ಯಾಂಚೆಸ್ಟರಿನವರೂ ಬಲ್ಲರು. 1902ರಲ್ಲಿ ವರ್ಷಕ್ಕೆ 25 ಲಕ್ಷದಂತೆ ಅದನ್ನು ಶಾಶ್ವತ ಗುತ್ತಿಗೆ ಮಾಡಿಕೊಂಡರು. 1936ರಲ್ಲಿ ನಿಜಾಮರ ಹಿರಿಯ ಮಗನಿಗೆ ಬೇರಾರದ ರಾಜಕುಮಾರನೆಂಬ ಬಿರುದು ಸಿಕ್ಕಿತು. ನೆಲ ಅವರಿಗೆ, ಹೆಸರು ಇವರಿಗೆ.

ಇಷ್ಟೆಲ್ಲಾ ಹಳೆಯ ಪುರಾಣವೆಂದು ಯಾರಾದರೂ ಅಂದುಕೊಂಡಿದ್ದರೆ ತುಂಗಭದ್ರಾ ಅಣೆಕಟ್ಟನ್ನು ನೆನೆಯಿರಿ. ನದಿಯ ದಕ್ಷಿಣ ದಂಡೆ ಹೊಸಪೇಟೆ, ಮದರಾಸು ಸರಕಾರದ್ದು. ಉತ್ತರ ದಂಡೆ ರಾಯಚೂರು ಜಿಲ್ಲೆ, ನಿಜಾಮರದು. ಎರಡೂ ದಂಡೆಯಲ್ಲಿ ಕನ್ನಡವೇ. ಬರಗಾಲ ಬಂದರೆ ಎರಡೂ ಕಡೆ ಒಂದೇ ಹಸಿವು. 1945ರ ಫೆಬ್ರವರಿ 28ರಂದು ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆ ಆಯಿತು: ಆ ದಂಡೆಯಲ್ಲಿ ಮದರಾಸಿನ ಗವರ್ನರ್, ಈ ದಂಡೆಯಲ್ಲಿ ಅದೇ ಬೇರಾರದ ರಾಜಕುಮಾರ. ಆ ಪಟಾಲಮುಗಳ ಸಂಬಳದ ಲೆಕ್ಕದಲ್ಲಿ ಎಳೆದ ಗೆರೆ 145 ವರ್ಷದ ಮೇಲೆಯೂ ನೀರಿನ ನಡುವೆ ನಿಂತಿತ್ತು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರಿನಲ್ಲಿ, ಅದೂ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು. ರಾಯಚೂರು, ಗುಲಬರ್ಗಾ, ಬೀದರು ಸೇರಿದ್ದು 1956ರ ನವೆಂಬರ್ 1ರಂದು.

ಮೈಸೂರಿನ ಕಥೆಯೂ ಬೇರೆಯಲ್ಲ. 1799ರಲ್ಲಿ ಒಡೆಯರಿಗೆ ರಾಜ್ಯ ಕೊಡುವಾಗ ವರ್ಷಕ್ಕೆ 7 ಲಕ್ಷ ವರಹಗಳ ಕಪ್ಪವನ್ನು ಗಂಟುಹಾಕಿದರು. 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡು, 1881ರಲ್ಲಿ ತಿರುಗಿ ಕೊಟ್ಟರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಹಿಡಿಯಲು ಈಟಿ ಹಿಡಿದು ಕುದುರೆ ಓಡಿಸಿದವರು ಜೋಧಪುರದವರೂ ನಮ್ಮ ಮೈಸೂರು ಲ್ಯಾನ್ಸರರೂ. ಯಾರ ಪಟ್ಟಣ, ಯಾರ ಜಗಳ? ಸತ್ತವರ ಶೌರ್ಯಕ್ಕೆ ನಾನು ತಲೆಬಾಗುತ್ತೇನೆ. ಕಳುಹಿಸಿದವರನ್ನು ಕುರಿತು ಹೇಳುವ ಮಾತು ಬೇರೆ.

ಆ ಮಹಾಯುದ್ಧದಲ್ಲಿ ಏಳನೆಯ ನಿಜಾಮರು ಕೊಟ್ಟ ಹಣ ಅಪಾರ. ಅವರ ಹಣದಿಂದ ಹಾರಿದ ಇಂಗ್ಲಿಷ್ ವಿಮಾನದಳಕ್ಕೆ ಹೈದರಾಬಾದ್ ಎಂದೇ ಹೆಸರಿತ್ತು. ಪ್ರತಿಯಾಗಿ ಬ್ರಿಟಿಷ್ ಸರಕಾರದ ನಂಬಿಕೆಯ ಮಿತ್ರ ಎಂಬ ಬಿರುದು ಬಂತು. 1947ರಲ್ಲಿ ಇಂಗ್ಲಿಷರು ಗಂಟು ಕಟ್ಟಿದಾಗ, ಹಳೆಯ ಮಿತ್ರರು ಕೈಬಿಟ್ಟರೆಂದು ಅವರು ಮೌಂಟ್‌ಬ್ಯಾಟನರಿಗೆ ದೂರು ಬರೆದರು. ಇಂಗ್ಲಿಷರು ತಿರುಗಿ ನೋಡಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, 17ರಂದು ಮುಗಿಯಿತು. ನಮ್ಮ ಜಿಲ್ಲೆಗಳ ಜನರಿಗೆ ಆ ರಾಜ್ಯ ಹೋದುದಕ್ಕೆ ದುಃಖವಿರಲಿಲ್ಲ. ಆ ದಿನಗಳಲ್ಲಿ ಎರಡೂ ಕಡೆ ಸತ್ತ ಬಡವರ ಮಾತು ಇನ್ನೊಂದು ಸಭೆಗೆ ಇರಲಿ. ನಾನು ಇಲ್ಲಿ ಹೇಳಬೇಕಾದದ್ದು ಇಷ್ಟೇ. 1795ರಲ್ಲಿ ಬಾರದಿದ್ದ ಮಿತ್ರ 1948ರಲ್ಲಿಯೂ ಬರಲಿಲ್ಲ. ನಡುವಿನ ನೂರೈವತ್ತು ವರ್ಷ ಬಿಲ್ಲು ಮಾತ್ರ ತಪ್ಪದೆ ಬಂತು.

ಈಗ ಹೊರಗಿನ ಲೋಕಕ್ಕೆ ಬರೋಣ. ಪಾಕಿಸ್ತಾನವು 1954ರಲ್ಲಿ ಸೀಟೊ ಎಂಬ ಕೂಟಕ್ಕೂ, 1955ರಲ್ಲಿ ಬಾಗ್ದಾದ್ ಒಪ್ಪಂದಕ್ಕೂ ಸೇರಿತು. ಅಮೆರಿಕದ ಟ್ಯಾಂಕುಗಳು ಬಂದವು. 1965ರಲ್ಲಿ ನಮ್ಮೊಡನೆ ಯುದ್ಧವಾದಾಗ ಅಮೆರಿಕ ಇಬ್ಬರಿಗೂ ಆಯುಧ ನಿಲ್ಲಿಸಿತು. 1971ರಲ್ಲಿ ದೇಶ ಎರಡಾಗುವಾಗಲೂ ಕೂಟದ ಸೈನ್ಯ ಇಳಿಯಲಿಲ್ಲ. ಸೀಟೊ 1977ರಲ್ಲಿ, ಇನ್ನೊಂದು 1979ರಲ್ಲಿ ಕಣ್ಣುಮುಚ್ಚಿದವು, ಅತ್ತವರಿಲ್ಲ. ಸೋವಿಯತ್ತಿನವರು 1955ರಲ್ಲಿ ಕಟ್ಟಿದ ವಾರ್ಸಾ ಒಪ್ಪಂದದ್ದು ಇನ್ನೂ ವಿಚಿತ್ರ. ಅದರ ಸೈನ್ಯಗಳು ಕೂಡಿ ಹೊರಟದ್ದು 1968ರ ಆಗಸ್ಟಿನಲ್ಲಿ, ತಮ್ಮದೇ ಸದಸ್ಯ ದೇಶವಾದ ಚೆಕೊಸ್ಲೊವಾಕಿಯದ ಮೇಲೆ! ರುಮೇನಿಯ ಬರುವುದಿಲ್ಲವೆಂದಿತು. 1991ರಲ್ಲಿ ಅದೂ ಮುಗಿಯಿತು.

ಇಷ್ಟು ಕೇಳಿದ ಮೇಲೆ ಮುಂದಿನ ಸಾಲಿನಲ್ಲಿರುವ ನಮ್ಮ ಕಾಮ್ರೇಡರೊಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಅವರ ಪ್ರಶ್ನೆ ನನಗೆ ಗೊತ್ತು. ನಾವೇ ಸಂಘ ಕಟ್ಟಿದ್ದೇವೆ. ಒಬ್ಬ ಸಪ್ಲೈಯರನನ್ನು ತೆಗೆದರೆ ಎಲ್ಲರೂ ಏಪ್ರನ್ ಬಿಚ್ಚುತ್ತೇವೆ. ದೇಶಗಳು ಹಾಗೆ ಮಾಡಿದರೆ ತಪ್ಪೇನು? ತಪ್ಪಿಲ್ಲ. ಇದು ಸುಲಭವಾಗಿ ತಳ್ಳಿಹಾಕತಕ್ಕ ಮಾತಲ್ಲ. ಫಿನ್‌ಲೆಂಡ್ ಎಂಬ ಸಣ್ಣ ದೇಶಕ್ಕೆ ರಷ್ಯದೊಡನೆ 1,300 ಕಿಲೋಮೀಟರಿಗೂ ಹೆಚ್ಚಿನ ಗಡಿಯಿದೆ. ಎರಡನೆಯ ಮಹಾಯುದ್ಧದ ಮೇಲೆ ಏಳು ದಶಕ ಅದು ಯಾವ ಕೂಟಕ್ಕೂ ಸೇರದೆ ಬಾಳಿತು. ಉಕ್ರೇನಿಗಾದ ಗತಿಯನ್ನು ಕಂಡು 2023ರಲ್ಲಿ ನ್ಯಾಟೊ ಸೇರಿತು. ಅವರನ್ನು ಮೂರ್ಖರೆನ್ನಲು ನನಗೆ ಬಾಯಿ ಬಾರದು. 1949ರಲ್ಲಿ 12 ದೇಶಗಳಿದ್ದ ಆ ಕೂಟದಲ್ಲಿ ಈಗ 32 ಇವೆ. ಒಬ್ಬನ ಮೇಲಿನ ಏಟು ಎಲ್ಲರ ಮೇಲಿನದೆಂಬ ಅದರ ಐದನೆಯ ಕಲಮನ್ನು ಬಳಸಿದ್ದು ಒಮ್ಮೆ ಮಾತ್ರ, 2001ರ ಸೆಪ್ಟೆಂಬರಿನಲ್ಲಿ, ಅದೂ ಎಲ್ಲರಿಗಿಂತ ಬಲಶಾಲಿಯಾದ ಅಮೆರಿಕಕ್ಕಾಗಿ.

ಆದರೆ ಸಂಘಕ್ಕೂ ಪೈಲ್ವಾನನಿಗೂ ವ್ಯತ್ಯಾಸವೆಲ್ಲಿ? ಸಂಘದಲ್ಲಿ ಚಂದಾ ಕೊಟ್ಟವನು ಕೈಯೆತ್ತಿ ಬೇಡವೆನ್ನಬಹುದು. ನಿಜಾಮರು ಚಂದಾ ಕೊಟ್ಟರು, ಕೈಯೆತ್ತುವ ಹಾಗಿರಲಿಲ್ಲ. ನ್ಯಾಟೊದಲ್ಲಿ ಸ್ವೀಡನ್ 2022ರಲ್ಲಿಯೇ ಅರ್ಜಿ ಹಾಕಿದರೂ ತುರ್ಕಿಯೂ ಹಂಗೇರಿಯೂ ಅಡ್ಡ ಹಾಕಿ 2024ರವರೆಗೆ ಕಾಯಿಸಿದವು. ಪತ್ರಿಕೆಗಳು ಅದನ್ನು ಕೂಟದ ದೌರ್ಬಲ್ಯವೆಂದು ಬರೆದವು. ನನಗೆ ಅದು ಆರೋಗ್ಯದ ಗುರುತಾಗಿ ಕಂಡಿತು. ಹಾಗೆಂದು ಅಲ್ಲಿ ಎಲ್ಲರೂ ಸಮಾನರೆಂದೂ ತಿಳಿಯಬೇಡಿ. 1951ರಿಂದ ಯುರೋಪಿನಲ್ಲಿ ಅದರ ಪರಮೋಚ್ಚ ದಳಪತಿ ಸದಾ ಅಮೆರಿಕದವನೇ. ಈಗ ಅದೇ ಅಮೆರಿಕ ಬಿಲ್ಲು ಮುಂದಿಟ್ಟಿದೆ. 2025ರ ಜೂನಿನಲ್ಲಿ ಹೇಗ್ ನಗರದಲ್ಲಿ ಸದಸ್ಯ ದೇಶಗಳು, 2035ರ ಹೊತ್ತಿಗೆ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 5ರಷ್ಟನ್ನು ರಕ್ಷಣೆಗೂ ಅದರ ಸುತ್ತಿನ ವೆಚ್ಚಕ್ಕೂ ಹಾಕುವುದಾಗಿ ಗುರಿಯಿಟ್ಟುಕೊಂಡವು. ಸ್ಪೇನ್ ಗೊಣಗಿತು. ಈ ಹಣ ಆಸ್ಪತ್ರೆಯಿಂದ ಬರುತ್ತದೆಯೋ, ಪಿಂಚಣಿಯಿಂದ ಬರುತ್ತದೆಯೋ, ಸಾಲದಿಂದ ಬರುತ್ತದೆಯೋ ಎಂದು ಅಲ್ಲಿನ ಕಾರ್ಮಿಕರು ಕೇಳುತ್ತಿದ್ದಾರೆ. ಬಳ್ಳಾರಿಯ ರೈತನಿಗೆ ಕೇಳುವ ಅವಕಾಶವಿರಲಿಲ್ಲ, ಇವರಿಗೆ ಇದೆ. ಈ ಕೂಟ ಉಳಿಯುವುದೋ ಒಡೆಯುವುದೋ ಎಂಬುದು ತೋಪುಗಳಿಗಿಂತ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆಯೆಂದು ನನಗೆ ತೋರುತ್ತದೆ.

ನಮ್ಮ ದೇಶವು ಯಾವ ಸೈನಿಕ ಕೂಟಕ್ಕೂ ಸೇರುವುದಿಲ್ಲವೆಂಬ ದಾರಿ ಹಿಡಿಯಿತು. 1955ರ ಬಾಂಡುಂಗ್, 1961ರ ಬೆಲ್‌ಗ್ರೇಡ್, ಇವನ್ನು ಹಿರಿಯರು ಬಲ್ಲರು. ಅದೂ ಪುಕ್ಕಟೆಯ ದಾರಿಯಲ್ಲ. 1962ರಲ್ಲಿ ಚೀನದವರು ಇಳಿದಾಗ ನಾವೂ ಅಮೆರಿಕದ ಕಡೆ ಕೈಚಾಚಿದೆವು. 1971ರ ಆಗಸ್ಟ್ 9ರಂದು ಸೋವಿಯತ್ತಿನೊಡನೆ ಕಾಗದಕ್ಕೆ ರುಜು ಹಾಕಿದೆವು. ಇಂದು ಅಮೆರಿಕ, ಜಪಾನ್, ಆಸ್ಟ್ರೇಲಿಯಗಳೊಡನೆ ಕ್ವಾಡ್ ಎಂದು ಕೂರುತ್ತೇವೆ, ರಷ್ಯದಿಂದ ಕ್ಷಿಪಣಿಯನ್ನೂ ಕೊಳ್ಳುತ್ತೇವೆ. ಇಬ್ಬರೂ ಮುನಿಯುತ್ತಾರೆ. ಮುನಿಯಲಿ. ನಾಳೆ ಯಾವ ಸರಕಾರ ಬಂದರೂ, ಎಂಥ ಭಯ ಬಂದರೂ, ಯಾರೊಡನೆ ರುಜು ಹಾಕಿದರೂ, ಆ ಕಾಗದದಲ್ಲಿ 1800ರ ಕಲಮು ಇಣುಕಿದೆಯೇ ಎಂದು ನೋಡತಕ್ಕ ಕೆಲಸ ನಮ್ಮದೂ ಹೌದು. ಪತ್ರಿಕೆ ಓದುವ ಹುಡುಗರು ಅದನ್ನು ಓದಿ ಅಡಿಗೆಮನೆಯಲ್ಲಿ ಉಳಿದವರಿಗೆ ಹೇಳಿರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೆಳಗಿನ ಪಾಳಿಯವರು ನಾಲ್ಕು ಗಂಟೆಗೆ ಇಡ್ಲಿಪಾತ್ರೆ ಏರಿಸಬೇಕು. ಒಂದು ಸೂಚನೆ ಮಾಡಿ ಕೂರುತ್ತೇನೆ. ಮುಂದಿನ ವಾರದ ರಜೆಯ ದಿನ ಮಧ್ಯಾಹ್ನ 3 ಗಂಟೆಗೆ ಮೂಸಾರಾಂಬಾಗ್ ನಿಲ್ದಾಣದ ಕೆಳಗೆ ಸೇರೋಣ. ರೇಮಂಡನ ಗುಡ್ಡವನ್ನು ನೋಡಿಕೊಂಡು, ಬೆಳಕಿದ್ದರೆ ಕೋಠಿಗೂ ಹೋಗಿ, ನಿಜಾಮರ ಹಣದಲ್ಲಿ ಕಟ್ಟಿದ ಹಳೆಯ ರೆಸಿಡೆನ್ಸಿಯನ್ನು ಹೊರಗಿನಿಂದಲಾದರೂ ಕಾಣೋಣ. ಈಗ ಅಲ್ಲಿ ಹೆಣ್ಣುಮಕ್ಕಳು ಓದುತ್ತಾರೆ. ಬರತಕ್ಕವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಯಿಸಿರಿ.